ಹಳದಿ ಎಳೆದ ಹದಿನೆಂಟನೇ ಶೀಟ್

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 8

ಬೆಳಗಿನ ಜಾವ 4.20ಕ್ಕೆ ನಲ್ಲಿ ನೀರು ಬಂದ ಸದ್ದಿಗೆ ಎಚ್ಚರ. ಮೊದಲು ಗಾಳಿ, ಆಮೇಲೆ ನೀರು. ಎಚ್ಚರ ಅಂತ ಬರೆದೆ — ನಿದ್ದೆ ಬಂದಿತ್ತೇ? ರಶ್ಮಿತಾಗೆ ಹಲ್ಲು ಬರುತ್ತಿದೆ. ಒಂಬತ್ತು ತಿಂಗಳ ಕೂಸು, ಎರಡು ಗಂಟೆಯವರೆಗೆ ಹೆಗಲ ಮೇಲೆಯೇ. ಅವಳಪ್ಪನಿಗೆ ಊರಾಚೆ ಕರೂರಿನ ಫ್ಯಾಕ್ಟರಿಯಲ್ಲಿ ಈ ತಿಂಗಳೆಲ್ಲ ನೈಟ್ ಶಿಫ್ಟ್. ಅತ್ತೆ ಮಲಗಿದಲ್ಲಿಂದಲೇ, "ಡ್ರಮ್ಮಿಗೆ ಪೈಪ್ ಹಾಕಿದೇನವ್ವಾ? ನೀರು ನಿಂತ ಮ್ಯಾಲೆ ಎದ್ದು ಏನ್ ಮಾಡ್ತಿ?"

ಹಾಕಿದೆ. ಇನ್ನು ಆಫೀಸಿನದು.

ಹರಿಹರದಲ್ಲಿ ಕಟ್ಟುತ್ತಿರುವ ಅಖ್ತರ್ ಬಾನು ಅವರ ಮನೆ. ಕೆಳಗಿನ ಗೋಡೆ ಎದ್ದಾಗಿದೆ, ಇನ್ನು ಮಹಡಿಯದು. ಇಪ್ಪತ್ಮೂರು ಶೀಟ್ ಡ್ರಾಯಿಂಗ್, ಇವತ್ತೇ ಚೆಕ್ ಆಗಿ ಕೊಡಬೇಕು. ಎಐಗೆ ಫೈಲ್ ಹಾಕಿದೆ. ಬಾಗಿಲು-ಕಿಟಕಿ ಪಟ್ಟಿ, ಅಳತೆ, ಕಂಬಿ... ನನಗೆ ಎರಡು ದಿನ ಹಿಡಿಯುವ ಕೆಲಸ. ಹಾಲಿನ ಬಾಟಲಿ ತೊಳೆದು ಬರುವಷ್ಟರಲ್ಲಿ ವರದಿ ರೆಡಿ. ಮೊದಲ ಸಾಲು: ವ್ಯತ್ಯಾಸ ಕಂಡುಬಂದಿಲ್ಲ.

ಅಷ್ಟು ಓದಿದೆ. ಸಾಕೆನಿಸಿತು.

ಆದರೆ ನಮ್ಮ ಆರ್ಕಿಟೆಕ್ಟ್ ಬಸವಪ್ರಭು ಸರ್ ಬಿಡುವವರಲ್ಲ. ಆಫೀಸ್ ಶುರುವಾದಾಗಿನ ಪದ್ಧತಿ — ಪ್ರಿಂಟ್ ತೆಗೆದು, ಓದಿ, ಸರಿಯಿರುವ ಪ್ರತಿ ಅಳತೆಯ ಮೇಲೂ ಹಳದಿ ಪೆನ್ಸಿಲ್ ಎಳೆಯಬೇಕು. ತಪ್ಪಿದ್ದರೆ ಕೆಂಪು. ಪೂರ್ತಿ ಹಳದಿಯಾದ ಶೀಟ್ ಮಾತ್ರ ಸೈಟಿಗೆ. ಎಐ ತಂದ ದಿನವೇ ಹೇಳಿದ್ದರು: "ಮಿಶಿನ್ ನೋಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಹಳದಿ ಎಳೆಯೋ ಕೈ ನಿಂದೇ ಇರ್ಬೇಕು, ಕೃತಿಕಾ."

ಕೈ ನನ್ನದೇ ಇತ್ತು. ಕಣ್ಣು ಇರಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ತೂಗುತ್ತ, ಆಫೀಸಿನಿಂದ ತಂದಿದ್ದ ಇಪ್ಪತ್ಮೂರು ಶೀಟಿಗೂ ಹಳದಿ ಎಳೆದೆ. ಒಂದನ್ನೂ ಓದದೆ. ಬೇಸರ ಬಂದಾಗ ಎರಡು ಕಡೆ ಬೇಕೆಂದೇ ಅಳಿಸಿ ಮತ್ತೆ ಎಳೆದೆ — ಯೋಚನೆ ಮಾಡಿದ ಹಾಗೆ ಕಾಣಲಿ ಅಂತ.

ನವೆಂಬರ್ 5

ಸರ್ ಶೀಟ್‌ಗಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಸಣ್ಣ ಕೂಸು ಇಟ್ಕೊಂಡು ಈ ಹುಡುಗಿ ಹೆಂಗೆ ಮಾಡೈತೆ ನೋಡ್ರಿ. ನಿಮ್ಗೆಲ್ಲ ಏನ್ ಧಾಡಿ?" ಎಲ್ಲರೂ ನಕ್ಕರು. ನಾನೂ. ಸರ್ ಸಹಿ ಹಾಕಿದರು, ಸೆಟ್ ಸೈಟಿಗೆ ಹೋಯಿತು.



ನವೆಂಬರ್ 13, ಗುರುವಾರ

ಎಂಟು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಇವತ್ತು ಇದೆ.

ಹರಿಹರದ ಸೈಟಿಗೆ ಹೋಗಿದ್ದೆ. ಅಖ್ತರ್ ಬಾನು ಓಡಿ ಬಂದರು. "ಬರ್ರಿ ಮೇಡಂ, ಕೂಡ್ರಿ ಅನ್ನಾಕೆ ಕುರ್ಚಿ ಇಲ್ಲ, ಸಿಮೆಂಟ್ ಚೀಲ ಐತೆ ನೋಡ್ರಿ." ಮಹಡಿಯಲ್ಲಿ ಅವರ ಹೊಲಿಗೆ ಕ್ಲಾಸು ಬರಲಿದೆ. ಮುಂದೆ ರಸ್ತೆಗೆ ಚಾಚಿದ ಬಾಲ್ಕನಿ, ಹಲಗೆ ಹಾಸಿ ಸೆಂಟ್ರಿಂಗ್ ಆಗಿ ಕಂಬಿ ಕಟ್ಟುತ್ತಿದ್ದರು. "ಕ್ಲಾಸ್ ಬಿಟ್ರೆ ಹುಡುಗೀರು ಮನೀಗೆ ಹೋಗಲ್ರಿ. ಇನ್ನ್ ಮ್ಯಾಲೆ ಇಪ್ಪತ್ತೂ ಇಲ್ಲೇ ನಿಂತು ಹರಟೆ ಹೊಡೀತಾವು. ಅದಕ್ಕೇ ಮೂರಡಿ ಬ್ಯಾಡ, ಐದಡಿ ಬಿಡ್ರಿ ಅಂತ ಹಠ ಹಿಡಿದೆ."

ಐದಡಿ. ಕೆಳಗೆ ಕಂಬವಿಲ್ಲ. ಕಂಬಿ ಮಾತ್ರ ಕಡ್ಡಿಯ ಹಾಗೆ ಕಂಡಿತು.

ಬಸ್ಸಿನಲ್ಲಿ ಮೊಬೈಲ್ ತೆಗೆದು ಎಐ ವರದಿಯನ್ನು ಕೊನೆಯವರೆಗೆ ಓದಿದೆ. ಮೊದಲ ಸಲ. ಕೊನೆಯ ಪುಟದಲ್ಲಿ: "ಶೀಟ್ 23 ಕೈಬರಹದ ಸ್ಕ್ಯಾನ್, ಓದಲಾಗಲಿಲ್ಲ. ಯಾರಾದರೂ ನೋಡಿ ಖಚಿತಪಡಿಸಬೇಕು."

ನೋಡಿದೆ. ಕಂಬಿಯ ಲೆಕ್ಕ ಹಾಕುವ ಇಂಜಿನಿಯರ್, ಪೆನ್ನಿನಲ್ಲಿ ಬರೆದು ಕೊನೆಗೆ ಸೇರಿಸಿದ ತಿದ್ದುಪಡಿ. ಬಾಲ್ಕನಿ ಐದಡಿ ಆದ್ದರಿಂದ ಮೇಲಿನ ಕಂಬಿ 8 ಎಂ.ಎಂ. ಅಲ್ಲ, 12. ಸ್ಲ್ಯಾಬ್ ಇನ್ನೂ ಎರಡು ಇಂಚು ದಪ್ಪ. ಇದು ಸೈಟಿಗೆ ಹೋಗದೆ ಆಫೀಸಿನಲ್ಲೇ ಉಳಿಯುವ ಶೀಟ್; ಇದನ್ನು ನೋಡಿ ನಾನು ಶೀಟ್ 18ರಲ್ಲಿ ತಿದ್ದಬೇಕಿತ್ತು. ಅಲ್ಲಿ ಈಗಲೂ 8 ಇದೆ. ಅದರ ಮೇಲೆ ಹಳದಿ ಇದೆ.

ಎಐ ಸುಳ್ಳು ಹೇಳಿಲ್ಲ. ಹೇಳಿದ್ದು ನಾನು.

ನವೆಂಬರ್ 14

ಸರ್ ಕ್ಯಾಬಿನ್ ಬಾಗಿಲವರೆಗೆ ಎರಡು ಸಲ. ಒಮ್ಮೆ ಒಳಗೂ ಹೋದೆ. "ಏನಮ್ಮಾ?" ಅಂದರು. "ಏನಿಲ್ಲ ಸರ್, ನಾಳೆ ಅರ್ಧ ದಿನ ರಜೆ..." ಅಂದೆ. ಕೊಟ್ಟರು. "ಮಗಳ್ನ ಚೆನ್ನಾಗ್ ನೋಡ್ಕೋ" ಅಂದರು.

ಬಾಲ್ಕನಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವುದು ಮಂಗಳವಾರ ತಾನೇ. ಸೋಮವಾರ ಹೇಳಿದರಾಯಿತು.

ನವೆಂಬರ್ 15, ಶನಿವಾರ. ಸಂಜೆ 6

ಕಂಟ್ರಾಕ್ಟರ್ ಸಿದ್ದೇಶ್ ಫೋನ್. "ಮೇಡಂ, ಮೋಲ್ಡ್ ನಾಳೇನೇ. ಮಿಕ್ಸರ್ ಸಿಕ್ಕೈತೆ. ಬೆಳಿಗ್ಗೆ ಆರಕ್ಕೆ ಶುರು."

"ಎರಡು ದಿನ ತಡೀರಿ... ಬಾಲ್ಕನಿ ಕಂಬಿ ಒಂದ್ಸಲ ನೋಡಬೇಕು."

"ಯಾಕ್ರಿ? ನೀವೇ ಹಳದಿ ಹೊಡೆದ ಶೀಟು ನನ್ ಕೈಯಾಗೈತೆ. ಎಂಟು ಅಂದ್ರೆ ಎಂಟು ಹಾಕೀನಿ. ಹಳದಿ ಸಾಲಲಿಲ್ಲ ಅಂದ್ರೆ ಅರಿಶಿಣ ಹಚ್ಚಿ ಕಳಸ್ರಿ!" ನಕ್ಕರು. ಆಮೇಲೆ ನಗು ಬಿಟ್ಟು, "ಇಪ್ಪತ್ತು ಆಳು ಕರೆದೀನಿ ಮೇಡಂ. ಸರ್ ನಿಲ್ಸು ಅಂದ್ರೆ ನಿಲ್ಲಿಸ್ತೀನಿ. ನಿಮ್ ಮಾತಿಗೆ ಆಗಲ್ಲ."

ತಪ್ಪು ನನ್ನದು, ಓದದೇ ಎಳೆದೆ — ಇಷ್ಟೇ ಹೇಳಬೇಕಿತ್ತು. "ಸರಿ, ಸರ್‌ನ ಕೇಳ್ತೀನಿ" ಅಂದೆ.

ಸರ್ ಹುಬ್ಬಳ್ಳಿಯಲ್ಲಿ, ಮದುವೆಗೆ. ಫೋನ್ ಎತ್ತುತ್ತಿಲ್ಲ. ಇಂಜಿನಿಯರ್ ಫೋನ್ ಸ್ವಿಚ್ ಆಫ್.

ರಾತ್ರಿ 9

ಅಖ್ತರ್ ಬಾನು ಅವರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ಮೇಡಂ! ನಾಳೆ ಆಳುಗಳಿಗೆಲ್ಲ ಬಿರಿಯಾನಿ, ನೀವೂ ಬರ್ಬೇಕು. ಕೂಸನ್ನೂ ಕರ್ಕೊಂಬರ್ರಿ, ಬಾಲ್ಕನಿ ಗಟ್ಟಿಯಾದ ಮೇಲೆ ಫಸ್ಟು ಅದನ್ನೇ ನಡೆಸೋಣ."

"ಶುಭವಾಗಲಿ" ಅಂದೆ.

ಅಂದೆ. ಈ ಬಾಯಿಯಲ್ಲೇ.

ರಾತ್ರಿ 11.35

ಸರ್, ಇಲ್ಲಿಂದ ನಿಮಗೆ. ನಾಲ್ಕನೇ ತಾರೀಖಿನಿಂದ ಈ ಸಾಲಿನವರೆಗೆ ಎಲ್ಲ ಪುಟಗಳ ಫೋಟೊ ನಿಮ್ಮ ವಾಟ್ಸಾಪ್‌ಗೆ ಹಾಕುತ್ತೇನೆ. ಅತ್ತೆಯ ದೂರು, ನನ್ನ ನಿದ್ದೆ, ಎಲ್ಲ ಇದರಲ್ಲೇ ಇದೆ. ಬೇರೆ ಬರೆದರೆ ಚಂದ ಮಾಡಿ ಬರೆಯುತ್ತೇನೆ. ಬಾಯಲ್ಲಿ ಹೇಳಿದರೆ ಮತ್ತೇನೋ ಸೇರಿಸುತ್ತೇನೆ.

ನಿಮಗೆ ಒಂಬತ್ತು ಸಲ ಫೋನ್ ಮಾಡಿದೆ. ಎಷ್ಟೇ ಹೊತ್ತಾಗಲಿ ಮಲಗುವ ಮುಂಚೆ ಮೊಬೈಲ್ ನೋಡುತ್ತೀರಲ್ಲ, ನೋಡಿ. ನಾನು ನಾಲ್ಕೂವರೆಗೆ ಸ್ಕೂಟಿ ತೆಗೆದುಕೊಂಡು ಹರಿಹರಕ್ಕೆ ಹೊರಡುತ್ತೇನೆ. ಮಿಕ್ಸರ್ ಮುಂದೆ ನಿಲ್ಲುತ್ತೇನೆ. ಆದರೆ ಸಿದ್ದೇಶ್ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಸಹಿ ಇದೆ. ಕೆಲಸದಿಂದ ತೆಗೆಯಿರಿ, ಎಲ್ಲರ ಮುಂದೆ ಬೈಯಿರಿ — ಅದು ಆಮೇಲೆ. ಕಾಂಕ್ರೀಟ್ ಬಿದ್ದರೆ ಕಂಬಿ ಯಾರಿಗೂ ಕಾಣುವುದಿಲ್ಲ ಸರ್, ನನಗೆ ಒಬ್ಬಳಿಗೇ ಗೊತ್ತಿರುತ್ತದೆ, ಮೇಲೆ ಇಪ್ಪತ್ತು ಹುಡುಗಿಯರು ನಿಂತಿರುತ್ತಾರೆ. ಫೋನ್ ಮಾಡಿ ಸರ್. ನನಗೆ ಬೇಡ, ಸಿದ್ದೇಶ್‌ಗೆ ಮಾಡಿ. ಬೆಳಗಾಗುವ ಮುಂಚೆ, ಆರರೊಳಗೆ, ಒಂದೇ ಒಂದು ಫೋನ್, ದಯವಿಟ್ಟು