ಹದಿನೈದು ಗೆರೆ

ಚನ್ನರಾಯಪಟ್ಟಣ
೧೬ ಫೆಬ್ರವರಿ ೧೯೪೭, ಭಾನುವಾರ

ಪ್ರೀತಿಯ ಪ್ರೇಮಕುಮಾರಿಗೆ,

ಎಲ್ಲರೂ ಕ್ಷೇಮ ಎಂದು ಎರಡು ಸಲ ಶುರುಮಾಡಿ ಎರಡು ಹಾಳೆ ಹರಿದೆ. ಹನ್ನೆರಡು ವರ್ಷ ಒಂದು ಸಾಲೂ ಬರೆಯದವಳು ಈಗ ಕ್ಷೇಮ ವಿಚಾರಿಸಿದರೆ ನಿನಗೆ ನಗು ಬಂದೀತು. ಆದ್ದರಿಂದ ನೇರವಾಗಿ ನಿನ್ನ ಪ್ರಶ್ನೆಗೆ ಬರುತ್ತೇನೆ.

ನಿನ್ನ ಕಾರ್ಡು ಹಾಸನದ ನಮ್ಮ ಅಂಗಡಿಗೆ ಹೋಗಿತ್ತು. ತಮ್ಮ ಗೌರೀಶಂಕರ ವಿಳಾಸ ತಿದ್ದಿ ಇಲ್ಲಿಗೆ ಕಳಿಸಿದ. ನಮ್ಮ ಅಪ್ಪಾಜಿ ಲಿಂಗೈಕ್ಯರಾದ ಸುದ್ದಿ ಕೇಳಿ ದುಃಖವಾಯಿತು ಎಂದು ನೀನು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮಪ್ಪನ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದೆ: "ಆ ತ್ಯಾವದ ಗಡಿಯಾರನ ಯಾರಾದ್ರೂ ತಿರುಗ ನೋಡುದ್ರಾ ಅಂತ ಕೇಳಿ ಬರಿಯವ್ವ."

ಇಷ್ಟು ವರ್ಷವಾದ ಮೇಲೂ ಅವರು ಕೇಳುವುದು ಅದೊಂದನ್ನೇ. ಕೂಲಿಯಲ್ಲ, ಕೆಲಸವಲ್ಲ. ಆ ಗಡಿಯಾರ ಸುಳ್ಳು ಹೇಳಿತೋ ಇಲ್ಲವೋ ಎಂದು.

ನೋಡಿದೆ. ಸುಳ್ಳು ಹೇಳಿತ್ತು. ಹೇಗೆ ಎಂಬುದನ್ನು ವಿವರವಾಗಿ ಬರೆಯಬೇಕು. ನಿಮ್ಮಪ್ಪನಿಗೆ ನೀನೇ ಓದಿ ಹೇಳಬೇಕಾದವಳು.

ನಮ್ಮ ಅಂಗಡಿಯ ಒಳಕೋಣೆಯಲ್ಲಿದ್ದ ಚುರುಟಿನ ಬೀರು ನಿನಗೆ ನೆನಪಿದೆ. ಕಾಫಿ ತೋಟದ ದೊರೆಗಳಿಗೆ ಬಿಸ್ಕತ್ತು, ಜಾಮು, ಮೇಣದ ಬತ್ತಿಯ ಜೊತೆ ಚುರುಟನ್ನೂ ಮಾರುತ್ತಿದ್ದ ಅಪ್ಪಾಜಿ ಜನ್ಮದಲ್ಲಿ ಒಂದನ್ನೂ ಬಾಯಿಗಿಟ್ಟವರಲ್ಲ. ಮುಟ್ಟಿದರೆ ಕೈ ತೊಳೆಯುತ್ತಿದ್ದರು. ಬೀರುವಿನ ಬೀಗದ ಕೈ ಇದ್ದದ್ದು ನಿಮ್ಮಪ್ಪ ಬೈರಯ್ಯನವರ ಸೊಂಟದಲ್ಲಿ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆದ ಮನೆಯವರು, ಎಲೆಯ ಹದ ಬಲ್ಲವರು. ಒಂದು ಚುರುಟು ತೆಗೆದು ಕಿವಿಯ ಹತ್ತಿರ ಮೆಲ್ಲಗೆ ಹೊರಳಿಸಿ, ಸದ್ದು ಕೇಳಿ, ಬೀರುವಿನ ತಳದ ಮಣ್ಣಿನ ಬಟ್ಟಲಿಗೆ ನೀರು ಹಾಕುವುದೋ ಬಿಡುವುದೋ ತೀರ್ಮಾನಿಸುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನೀವು ಇದ್ದಿರಿ. ನೀನೂ ನಾನೂ ಒಂದೇ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದೆವು. ನನಗಿಂತ ನೀನು ಐದು ವರ್ಷ ಚಿಕ್ಕವಳು, ಲೆಕ್ಕದಲ್ಲಿ ಮಾತ್ರ ನನಗಿಂತ ಜಾಣೆ.

ವಿಲಾಯಿತಿಯ ತನ್ನೂರಿಗೆ ಹೊರಟ ಒಬ್ಬ ದೊರೆ, ನಿಮ್ಮಪ್ಪ ಗಡಿಯಾರವೆನ್ನುವ ಆ ತೇವ ಅಳೆಯುವ ಯಂತ್ರವನ್ನು ಅಪ್ಪಾಜಿಗೆ ಕೊಟ್ಟುಹೋಗಿದ್ದ. ಅಂಗೈಯಗಲ, ಹಿತ್ತಾಳೆಯದು, ನೂರು ಗೆರೆ, ಒಂದು ಮುಳ್ಳು. ಒಳಗೆ ಒಂದು ಕೂದಲಿದೆ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಮುಳ್ಳು ಮೇಲೇರುತ್ತದೆ. ಎಪ್ಪತ್ತರ ಹತ್ತಿರ ನಿಂತರೆ ಚುರುಟು ಕ್ಷೇಮ. ನಿಮ್ಮಪ್ಪ ಅದನ್ನು ನೋಡಿ, "ಇದ್ಕೆ ಮೂಗಿಲ್ಲ ಸಾ, ನನಗೈತೆ" ಎಂದು ನಕ್ಕಿದ್ದರು.

೧೯೩೫ರ ಬೇಸಿಗೆ ರಜಕ್ಕೆ ನಾನು ಮೈಸೂರಿನಿಂದ ಬಂದೆ. ಬಿ.ಎಸ್ಸಿ. ಮೊದಲ ವರ್ಷ. ಇಂಥ ಯಂತ್ರವನ್ನು ಉಪ್ಪಿನಿಂದ ಪರೀಕ್ಷಿಸಬಹುದೆಂದು ಪುಸ್ತಕದಲ್ಲಿ ಓದಿದ್ದೆ. ಉಪ್ಪಿಗೆ ಕೆಲವು ತೊಟ್ಟು ನೀರು ಹಾಕಿ ಕರಗದಂತೆ ಒದ್ದೆ ಮಾಡಿ, ಯಂತ್ರದ ಜೊತೆ ಗಾಳಿಯಾಡದ ಪಾತ್ರೆಯಲ್ಲಿ ಒಂದು ದಿನ ಮುಚ್ಚಿಟ್ಟರೆ ಮುಳ್ಳು ಎಪ್ಪತ್ತೈದಕ್ಕೆ ಬರಬೇಕು. ಬರದಿದ್ದರೆ ಹಿಂದಿನ ತಿರುಪಿನಿಂದ ಅದನ್ನು ಅಲ್ಲಿಗೆ ತರಬೇಕು. ನಾನು ಉಪ್ಪಿನಕಾಯಿಯ ಭರಣಿ ತೊಳೆದು ಒಣಗಿಸಿದೆ. ಅಡುಗೆಮನೆಯ ಉಪ್ಪಿನ ಗಡಿಗೆಗೆ ಕೈಹಾಕಿದಾಗ ತಳದ ಉಪ್ಪು ತಾನಾಗಿಯೇ ಒದ್ದೆಯಾಗಿತ್ತು. ನೀರು ಹಾಕುವ ಕೆಲಸವೂ ತಪ್ಪಿತು ಎಂದು ಅದನ್ನೇ ತೆಗೆದೆ. ಅಜ್ಜಿ ಬಸವಲಿಂಗಮ್ಮ, "ಚುರುಟಿಗೆ ಉಪ್ಪಾಕಿ ಒಗ್ಗರಣೆ ಕೊಡೋದೇನೇ ನಿನ್ನ ಬಿಎಸ್ಸಿ?" ಎಂದರು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ.

ಮರುದಿನ ಮುಳ್ಳು ಅರವತ್ತರಲ್ಲಿತ್ತು. ಹದಿನೈದು ಗೆರೆ ಕಡಮೆ. ನಾನು ತಿರುಪು ತಿರುಗಿಸಿ ಎಪ್ಪತ್ತೈದಕ್ಕೆ ತಂದೆ. ಅಪ್ಪಾಜಿ ಬಂದವರಿಗೆಲ್ಲ ಹೇಳಿದರು, ಮಗಳು ವಿಲಾಯಿತಿ ಯಂತ್ರವನ್ನೇ ತಿದ್ದಿದಳು ಎಂದು.

ಯಂತ್ರವನ್ನು ಮತ್ತೆ ಬೀರುವಿನಲ್ಲಿಟ್ಟಾಗ ಮುಳ್ಳು ಎಂಬತ್ತೈದಕ್ಕೆ ಹೋಯಿತು. ಬೂಷ್ಟು ಬಂದೀತೆಂದು ಅಪ್ಪಾಜಿ ನೀರಿನ ಬಟ್ಟಲು ತೆಗೆಸಿದರು. ಎರಡು ವಾರದ ಮೇಲೆ ನಿಮ್ಮಪ್ಪ ಚುರುಟೊಂದನ್ನು ನನ್ನ ಕಿವಿಗೆ ಹಿಡಿದರು. "ಕೇಳಿ ಅವ್ವಾ, ಚರಚರ ಅಂತದೆ. ಎಲೆ ಒಣಗ್ತಾ ಅದೆ. ಬಟ್ಲು ಮಡಗಕ್ಕೆ ಏಳಿ ಅಪ್ಪಾರ್ಗೆ." ನನಗೂ ಸದ್ದು ಕೇಳಿಸಿತು, ಪ್ರೇಮ. ಆದರೆ ಮುಳ್ಳು ಎಪ್ಪತ್ತರಲ್ಲಿತ್ತು. ಮುಳ್ಳನ್ನು ಅಲ್ಲಿಗೆ ತಂದವಳು ನಾನು. "ಕಿವಿಗೆ ಗೆರೆ ಇರುತ್ತದೆಯೇ ಬೈರಯ್ಯ?" ಎಂದು ಕೇಳಿದೆ. ಅವರು ಆ ಚುರುಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದರು.

ದೀಪಾವಳಿಯ ಹಿಂದಿನ ವಾರ ತೋಟದ ಬಂಗಲೆಯೊಂದರಿಂದ ಹತ್ತು ಪೆಟ್ಟಿಗೆ ವಾಪಸು ಬಂದವು. ಮೇಲಿನೆಲೆ ಸೀಳಿ ಒಳಗಿನದು ಪುಡಿಯಾಗಿತ್ತು. ಯಂತ್ರ ಸರಿಯಿದೆ, ಬೀರುವಿನಲ್ಲಿ ತೇವ ಸರಿಯಿದೆ. ಹಾಗಾದರೆ ಇವು ಬೀರುವಿನಲ್ಲಿ ಒಣಗಿದವಲ್ಲ, ಹೊಸದನ್ನು ಹೊರಗೆ ಮಾರಿ ಹಳೆಯದನ್ನು ತಂದಿಟ್ಟಿದ್ದಾರೆ, ಬೀಗದ ಕೈ ಇರುವುದು ಒಬ್ಬನ ಹತ್ತಿರ. ಅಪ್ಪಾಜಿಯ ತರ್ಕ ಇದು. ಗಿರಾಕಿಗಳ, ಅಕ್ಕಪಕ್ಕದ ಅಂಗಡಿಯವರ ಎದುರಿಗೇ ಆಡಿದರು. ಆಗ ನಾನು ಹಬ್ಬಕ್ಕೆಂದು ಬಂದಿದ್ದೆ, ಒಳಕೋಣೆಯಲ್ಲಿದ್ದೆ. ಬೈರಯ್ಯನವರು ಸೊಂಟದ ಬೀಗದ ಕೈ ಬಿಚ್ಚಿ ತಕ್ಕಡಿಯಲ್ಲಿಟ್ಟು, "ಒಂದ್ ಕೂದ್ಲು ಏಳಿದ್ ಮಾತ್ಗೆ ನನ್ ತಲೇನೆ ತಗುದ್ರಲ್ಲ ಸಾ" ಎಂದರು. ಅಪ್ಪಾಜಿ, "ಗಡಿಯಾರ ಸುಳ್ಳು ಹೇಳ್ತದೇನಯ್ಯ?" ಎಂದರು. ನಿಮ್ಮಪ್ಪ ಒಳಕೋಣೆಯ ಬಾಗಿಲ ಕಡೆ ಒಂದು ಸಲ ನೋಡಿದರು. ನಾನು ಹೊರಗೆ ಬರಲಿಲ್ಲ.

ಮರುದಿನ ಬೆಳಗ್ಗೆ ನೀವು ಅರಕಲಗೂಡಿನ ಗಾಡಿ ಹತ್ತಿದಿರಿ. ನಿನ್ನ ಪಾಟಿಚೀಲ ನಮ್ಮ ಮನೆಯಲ್ಲೇ ಉಳಿಯಿತು. ಆಮೇಲೆ ಹಾಸನದಲ್ಲಿ ಯಾವ ಅಂಗಡಿಯವರೂ ಅವರನ್ನು ಇಟ್ಟುಕೊಳ್ಳಲಿಲ್ಲವೆಂದೂ, ನೀನು ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಹೊಳೆನರಸೀಪುರದಲ್ಲಿ ಮೇಡಂ ಆದೆಯೆಂದೂ ಅವರಿವರಿಂದ ಕೇಳಿದೆ. ನಾನು ಓದು ಮುಗಿಸಿ ಇಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನಾವಿಬ್ಬರೂ ಸೀಮೆಸುಣ್ಣ ಹಿಡಿದವರೇ ಆದೆವು.

ನಿನ್ನ ಕಾರ್ಡು ಬಂದ ಮೇಲೆ ಗೌರೀಶಂಕರನಿಂದ ಯಂತ್ರ ತರಿಸಿಕೊಂಡೆ. ಔಷಧಿ ಅಂಗಡಿಯಿಂದ ಶುದ್ಧ ಉಪ್ಪಿನ ಸೀಸೆಯೊಂದನ್ನು ತರಿಸಿ, ಕೆಲವು ತೊಟ್ಟು ನೀರು ಹಾಕಿ, ಮೊದಲಿನ ಹಾಗೆಯೇ ಭರಣಿಯಲ್ಲಿ ಮುಚ್ಚಿಟ್ಟೆ. ಮುಳ್ಳು ತೊಂಬತ್ತಕ್ಕೆ ಹೋಗಿ ನಿಂತಿತು. ಎಪ್ಪತ್ತೈದು ಬರಬೇಕಾದಲ್ಲಿ ತೊಂಬತ್ತು. ಹದಿನೈದು ಗೆರೆ ಹೆಚ್ಚು. ನಾನು ತಿರುಗಿಸಿದಷ್ಟೇ. ಅಂದರೆ ನಾನು ಮುಟ್ಟುವ ಮೊದಲು ಅದು ಸರಿಯಾಗಿತ್ತು. ಕಡಲ ಉಪ್ಪಿನಲ್ಲಿ ಉಪ್ಪಲ್ಲದ ಒಂದು ಕಹಿ ಲವಣ ಬೆರೆತಿರುತ್ತದೆ. ಅದು ಗಾಳಿಯ ನೀರನ್ನು ಹೀರಿ ಒದ್ದೆಯಾಗಿ ಗಡಿಗೆಯ ತಳಕ್ಕಿಳಿಯುತ್ತದೆ. ಅದಿದ್ದ ಕಡೆ ತೇವ ಎಪ್ಪತ್ತೈದಕ್ಕೆ ಏರುವುದೇ ಇಲ್ಲ. ಅಂದು ಭರಣಿಯಲ್ಲಿ ನಿಜವಾಗಿ ಇದ್ದದ್ದು ಅರವತ್ತೇ, ಯಂತ್ರ ಅರವತ್ತೆಂದೇ ಹೇಳಿತ್ತು. ನಾನು ಅದಕ್ಕೆ ಸುಳ್ಳು ಕಲಿಸಿದೆ. ಈ ಸಂಗತಿ ನನಗೆ ತಿಳಿದದ್ದು ಈ ವಾರ.

ನಿಮ್ಮಪ್ಪನ ಕಿವಿ ಸರಿಯಾಗಿತ್ತು. ಚುರುಟು ನಮ್ಮ ಬೀರುವಿನಲ್ಲೇ ಒಣಗಿತು. ಯಾರೂ ಏನನ್ನೂ ಕದಿಯಲಿಲ್ಲ. ಹೀಗೆಂದು ಗೌರೀಶಂಕರನಿಗೂ ಬರೆದಿದ್ದೇನೆ. ಅಪ್ಪಾಜಿ ಆ ಮಾತು ಆಡಿದ ಅಂಗಡಿಯಲ್ಲೇ, ಆಗ ಇದ್ದು ಕೇಳಿದ ಅಕ್ಕಪಕ್ಕದ ಅಂಗಡಿಯವರನ್ನು ಕರೆದು, ಬೈರಯ್ಯನವರ ಎದುರಿಗೆ ಇದನ್ನು ಹೇಳಬೇಕೆಂದು ಕೇಳಿದ್ದೇನೆ. ಅವನು ಒಪ್ಪದಿದ್ದರೂ ನಾನು ಹೇಳುತ್ತೇನೆ. ಅವರು ಬರುವುದಾದರೆ ದಿನ ತಿಳಿಸು. ಬರಲಾರೆ ಎಂದರೆ ಅದೂ ಅವರ ಇಷ್ಟ.

ನಿನ್ನ
ನೀಲಾಂಬಿಕೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಈ ವಾರ ತಿಳಿಯಿತು ಎಂದದ್ದು ಸುಳ್ಳು. ಉಪ್ಪಿನ ಸೀಸೆ ಔಷಧಿ ಅಂಗಡಿಯದಲ್ಲ, ಮೈಸೂರಿನ ನನ್ನ ಕಾಲೇಜಿನದು. ಅದರ ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ ಡಿಸೆಂಬರ್ ೧೯೩೫ ಎಂದಿದೆ. ನೀವು ಹೋದ ತಿಂಗಳೊಪ್ಪತ್ತಿಗೆ, ಆ ಚರಚರ ಸದ್ದು ಕಿವಿ ಬಿಡದೆ, ಮನೆಯಿಂದ ಒಯ್ದ ಉಪ್ಪನ್ನೂ ಶುದ್ಧ ಉಪ್ಪನ್ನೂ ಅಕ್ಕಪಕ್ಕ ಇಟ್ಟು, ಮನೆಯದು ಮಾತ್ರ ತಾನಾಗಿ ಒದ್ದೆಯಾಗುವುದನ್ನು ನೋಡಿದ್ದೆ. ಅಂದೇ ತಿಳಿಯಿತು. ಹೇಳಿದ್ದರೆ ಅಜ್ಜಿ ನನ್ನ ಓದು ಬಿಡಿಸುತ್ತಿದ್ದರು, ಅದಕ್ಕೊಂದು ಕಾರಣ ಸಿಗಲೆಂದೇ ಕಾದಿದ್ದರು. ಓದು ಮುಗಿದ ಮೇಲೆ ಹೇಳೋಣವೆಂದುಕೊಂಡೆ, ಕೆಲಸ ಸಿಕ್ಕ ಮೇಲೆ, ಅಪ್ಪಾಜಿಯ ನಂತರ. ಮುಂದಿನ ಮಾಲೂ ಹಾಗೇ ಒಣಗಿದಾಗ ಅಪ್ಪಾಜಿ ಬೀರುವಿಗೆ ಬೀಗ ಹಾಕಿ ಚುರುಟಿನ ವ್ಯಾಪಾರವನ್ನೇ ಬಿಟ್ಟರು. ಅವರಿಗೂ ಗೊತ್ತಾಗಿತ್ತೇನೋ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಯಂತ್ರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ತಿರುಪನ್ನು ಹಿಂದಕ್ಕೆ ತಿರುಗಿಸಿಲ್ಲ. ಸಣ್ಣ ತಿರುಪುಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಹದಿನೈದು ಗೆರೆ ನಿಮ್ಮಪ್ಪನ ಕೈಯಿಂದಲೇ ಇಳಿಯಲಿ. ಕಾಗದ ಓದಿ ಹೇಳುವಾಗ ನನ್ನ ಹೆಸರು ಬಂದಲ್ಲಿ ನಿಲ್ಲಿಸಬೇಡ ಪ್ರೇಮ, ಇದನ್ನೂ ಓದು.