ಹಿತ್ತಿಲ ಓಣಿ

ಅಣ್ಣಾ,

ಸತ್ತವನು ಪತ್ರ ಓದುವುದಿಲ್ಲ, ಗೊತ್ತು. ಆದರೂ ಇವತ್ತು ಬೈಯಲು ನನಗೆ ನೀನೇ ಬೇಕು.

ಬೆಳಿಗ್ಗೆ ಊರಲ್ಲಿ ಗಲಾಟೆ ಎದ್ದಾಗ ಮುಂಬಾಗಿಲಿಗೆ ಬೀರು ಅಡ್ಡ ಎಳೆದು ನಾನೂ ಅಪ್ಪನೂ ಅಡುಗೆಮನೆಯಲ್ಲಿ ಕೂತಿದ್ದೆವು. ಗಲಾಟೆಯವರು ಹಿತ್ತಿಲಿಂದ ಬಂದರು. ಅಚ್ಚುಕೂಟದ ಗೋಡೆಗೂ ನಮ್ಮ ಬಚ್ಚಲಿಗೂ ನಡುವಿನ ಆ ಓಣಿ ಪಕ್ಕದ ಬೀದಿಯವರಿಗೇ ಗೊತ್ತಿಲ್ಲ. ಮುಂದಿದ್ದವನ ಒಂದು ಕೈಯಲ್ಲಿ ಕಬ್ಬಿಣದ ಸರಳು, ಇನ್ನೊಂದರಲ್ಲಿ ಮೊಬೈಲು.

"ಇಲ್ಲೇ ತೋರಿಸ್ತಾ ಇದೆ, ಬನ್ರೋ" ಅಂದ.

ಅಪ್ಪ ಅಡ್ಡ ನಿಂತರು. ಮೊದಲ ಏಟಿಗೆ ಮೊಣಕೈ ಮುರಿಯಿತು, ಎರಡನೆಯದಕ್ಕೆ ದವಡೆ. ನಾನು ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಒಬ್ಬನ ಮುಖಕ್ಕೆ ಎರಚಿದೆ. ಅವನು ಕಿರುಚಿದಾಗ ನನಗೆ ಹಿತವೆನಿಸಿತು.

ಅಮ್ಮನಿಗೆ ಎದೆನೋವು ಬಂದ ದಿನ ಆಂಬುಲೆನ್ಸ್‌ನವರು ದಾರಿ ಸಿಗದೆ ಸುತ್ತಿದರಲ್ಲ. ಅಮ್ಮ ತೀರಿಕೊಂಡ ವಾರವೇ ನೀನು, ಎಲ್ಲರೂ ಸೇರಿ ತಿದ್ದುವ ಆ ಆನ್‌ಲೈನ್ ನಕ್ಷೆಗೆ ಈ ಓಣಿಯನ್ನು ಸೇರಿಸಿದೆ. ಓಣಿ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. "ಗೊತ್ತಿರೋದನ್ನ ಬಚ್ಚಿಡಬಾರದು ಕಣೇ" ಅಂದಿದ್ದೆ ನೀನು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ನೋಡು.

ಈಗ ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು, ನಿನ್ನ ಖಾತೆಯಿಂದಲೇ ನಕ್ಷೆಯಲ್ಲಿ ಆ ಓಣಿಯ ಗೆರೆಯನ್ನು ಅಳಿಸಿದೆ. ಸ್ವಲ್ಪ ಹೊತ್ತಿಗೆ ಯಾರೋ ಅದನ್ನು ಮತ್ತೆ ಎಳೆದರು. ನಿಮ್ಮ ನಕ್ಷೆಯವರ ಪದ್ಧತಿಯಂತೆ ಕೆಳಗೆ ಕಾರಣವನ್ನೂ ಬರೆದಿದ್ದರು:

"ಅಳಿಸಬೇಡಿ. ಓಣಿ ಇದೆ. ಇವತ್ತು ಬೆಳಿಗ್ಗೆ ನಾನೇ ಅದರಲ್ಲಿ ಹೋಗಿ ಬಂದೆ."