ಎರಡು ತಟ್ಟು

ನವೆಂಬರ್ 14, ಗುರುವಾರ. ಸಂಜೆ 7

ಮ್ಯಾಟ್ ಒರೆಸಿದ್ದಾಯಿತು. ಎರಡಕ್ಕೆ ಮತ್ತೆ ಹೊಲಿಗೆ ಬಿಟ್ಟಿದೆ. ಬಾಬಾಜಾನ್‌ಗೆ ಫೋನ್ ಮಾಡಬೇಕು. ಆಟೋ ಸೀಟು ಹೊಲಿಯುವವನ ಕೈಲಿ ಜೂಡೋ ಮ್ಯಾಟ್ ಹೊಲಿಸಿದರೆ ಹೀಗೇ, ನಾಲ್ಕು ತಿಂಗಳಿಗೊಮ್ಮೆ ಸ್ಪಂಜು ಹೊರಗೆ. ಆದರೆ ಮಾಗಡಿಯಲ್ಲಿ ಇನ್ಯಾರಿದ್ದಾರೆ?

ಹನ್ನೊಂದು ಮಕ್ಕಳು. ಹೊಸಬರಿಗೆ ಮೊದಲ ಪಾಠ ಬೀಳುವುದು. ಎರಡನೆಯದು, ಇನ್ನು ತಡೆಯಲಾರೆ ಅನ್ನಿಸಿದರೆ ಎರಡು ಸಲ ತಟ್ಟುವುದು — ಮ್ಯಾಟಿಗೋ, ಎದುರಿನವರ ಮೈಗೋ. ತಟ್ಟಿದ ತಕ್ಷಣ ಬಿಡಬೇಕು. ಹಳೇ ಜುಜುತ್ಸು ಯುದ್ಧದ ವಿದ್ಯೆ, ಕೈ ಮುರಿಯಲೆಂದೇ ಇದ್ದದ್ದು. ಕಾನೋ ಗುರುಗಳು ಅಪಾಯದ್ದನ್ನೆಲ್ಲ ಬದಿಗಿಟ್ಟು ಜೂಡೋ ಮಾಡಿದರು. ಶುರುವಾಗಿದ್ದು ಹನ್ನೆರಡು ಚಾಪೆಯ ಜಾಗದಲ್ಲಿ. "ನಮ್ಮದು ಹದಿನಾಲ್ಕು!" ಅಂದೆ. ಮಕ್ಕಳು ನಕ್ಕರು.

ಗೋಡೆ ಮೇಲೆ ಬರೆಸಿದ್ದನ್ನೂ ಓದಿಸಿದೆ. ಜಿತಾ ಕ್ಯೋಯೆಯಿ — ನೀನೂ ನಾನೂ ಕೂಡಿ ಏಳಿಗೆ. ಹೇಳುವಾಗ ದನಿ ದೊಡ್ಡದಾಗುತ್ತದೆ ನನಗೆ.

ಭಾನುವಾರ ಪೋಷಕರ ಮುಂದೆ ಡೆಮೊ. ನನ್ನ ಜೊತೆ ಹಿರಿಯ ಶಿಷ್ಯೆ ಭಾನುಪ್ರಿಯ. ಡಿಸೆಂಬರ್ 8ಕ್ಕೆ ಅವಳ ಸ್ಟೇಟ್ ಸೆಲೆಕ್ಷನ್.

ನವೆಂಬರ್ 17, ಭಾನುವಾರ

ಡೆಮೊದಲ್ಲಿ ಭಾನು ಮೊಣಕೈಗೆ ಪೆಟ್ಟು. ಲಿಗಮೆಂಟ್ ಅಂದರು ಡಾಕ್ಟರು. ಆಟ ಅಂದಮೇಲೆ ಆಗುತ್ತದೆ.

ನವೆಂಬರ್ 18. ಬೆಳಗ್ಗೆ

ನಿನ್ನೆ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆನಲ್ಲ.

ಆಗಿದ್ದು ಇಷ್ಟು. ಒಂದು ಸಲ ಅವಳು ನನ್ನನ್ನು ಎತ್ತಿ ಹಾಕಬೇಕು ಅಂತ ಮೊದಲೇ ಮಾತಾಗಿತ್ತು. ಹಾಕಿದಳು, ಚಪ್ಪಾಳೆ. ಎರಡನೇ ಸಲದ್ದು ಮಾತಿನಲ್ಲಿರಲಿಲ್ಲ. ನಿಜವಾಗಿಯೇ ತಡೆದೆ. ನಿಜವಾಗಿಯೇ ಬಿದ್ದೆ. ಹಿಂದಿನಿಂದ ಯಾರೋ ಕೂಗಿದರು, "ಮೇಡಮ್ಮುನ್ನೇ ಒಗ್ದ್‌ಬುಟ್ಲು ಕಣ್ಲಾ!" ಎಲ್ಲರೂ ನಕ್ಕರು. ಭಾನುವೂ ನಕ್ಕಳು — ಕೆಟ್ಟದ್ದಕ್ಕಲ್ಲ, ಖುಷಿಗೆ.

ಮೈ ಉರಿದುಹೋಯಿತು. ಬಿದ್ದಲ್ಲೇ ಅವಳ ಕೈ ಹಿಡಿದು ಉರುಳಿಸಿದೆ. ಜುಜಿ ಗತಾಮೆ, ತೋಳಿನ ಪಟ್ಟು. ಅವಳ ತೋಳು ನನ್ನ ತೊಡೆಗಳ ಮಧ್ಯೆ, ಮೊಣಕೈ ನೆಟ್ಟಗೆ; ನಾನು ಸೊಂಟ ಎತ್ತಿದಷ್ಟೂ ಅದು ಹಿಂದಕ್ಕೆ ಬಾಗುತ್ತದೆ. ತಟ್ಟಿದಳು. ನನ್ನ ಕಾಲಿಗೆ, ಎರಡು ಸಲ. ಗೊತ್ತಾಯಿತು. ಗೊತ್ತಾದ ಮೇಲೂ ಸೊಂಟ ಇನ್ನೊಂದಿಷ್ಟು ಎತ್ತಿದೆ.

ಒಂದು ಸೆಕೆಂಡ್ ಇರಬಹುದು. ಟಕ್ ಅಂದದ್ದು ನನಗೂ ಕೇಳಿಸಿತು.

ಮೂವತ್ತೆಂಟು ವರ್ಷ ನನಗೆ. ಹದಿನೆಂಟರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಥೂ.

ನವೆಂಬರ್ 20

ಸ್ಕೂಲಿನ ಕೆಲಸ ಮುಗಿಸಿ ಭಾನು ಊರು ತಿಪ್ಪಸಂದ್ರದ ಬಸ್ ಹತ್ತಿದೆ. ಹೇಳಿಬಿಡಬೇಕು ಅಂತಲೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಭಾನು ಜಗಲಿ ಮೇಲೆ ಕೂತಿದ್ದಳು, ಕೈಗೆ ಕಟ್ಟು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಂದಳು, "ನಾನು ಮೆಲ್ಲುಕ್ಕೆ ತಟ್ಬುಟ್ಟೆ ಅನ್ಸುತ್ತೆ ಮೇಡಂ. ನಿಮ್ಗೆ ಗೊತ್ತಾಗಿಲ್ಲ, ಅಲ್ವಾ?"

ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಅಂದೆ. ಅವರಮ್ಮ ಕೊಟ್ಟ ಕಾಫಿಯನ್ನೂ ಕುಡಿದು ಬಂದೆ.

ಡಿಸೆಂಬರ್ 3, ಮಂಗಳವಾರ

ಎರಡು ವಾರದಿಂದ ಕ್ಲಾಸಿನಲ್ಲಿ ಹೊಸ ಪಾಠ — ಜೋರಾಗಿ ತಟ್ಟುವುದು. "ಕೇಳಿಸೋ ಹಾಗೆ! ಇನ್ನೂ ಜೋರಾಗಿ!" ಪಟಪಟ ಬಡಿಯುತ್ತಾರೆ, ಪಾಪ. ಇವತ್ತು ಹಳೇ ಶಿಷ್ಯೆ ಅಸ್ರಾ ಹೊಸಬಳೊಬ್ಬಳಿಗೆ ಹೇಳುತ್ತಿದ್ದಳು, "ಸರಿಯಾಗಿ ತಟ್ಟಮ್ಮಾ. ಇಲ್ಲಾಂದ್ರೆ ಭಾನು ಥರಾ ಆಗ್ತದೆ."

ತಪ್ಪು ಅವಳದ್ದೇ ಅಂತ ಊರಿಗೆಲ್ಲ ಕಲಿಸಿಟ್ಟಿದ್ದೇನೆ. ಕಳ್ಳನೇ ಕಾವಲು ಕೂತ ಹಾಗೆ ನಾನು.

ಡಿಸೆಂಬರ್ 8

ಇವತ್ತು ಸೆಲೆಕ್ಷನ್ ಇತ್ತು. ಒರೆಸಿದ ಮ್ಯಾಟನ್ನೇ ಮತ್ತೆ ಒರೆಸಿದೆ.

ಡಿಸೆಂಬರ್ 22, ಭಾನುವಾರ

ಭಾನು ಅಪ್ಪ ಬೋರಲಿಂಗಯ್ಯನವರು ಬಂದಿದ್ದರು. ಒಂದು ಚೀಲ ಅವರೆಕಾಯಿ. ಸೊಗಡು ಕ್ಲಾಸಿನ ಹಾಲ್‌ನಲ್ಲೆಲ್ಲ ತುಂಬಿತು. ಚಿಕ್ಕಂದಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಮ್ಯಾಟ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬರುತ್ತಾರೆ.

"ಯಾಕ್ ಮೇಡಂ, ಮೊಕ ಇಷ್ಟ್ ಸಣ್ಣಕ್ಕಾಗೈತೆ? ಮಣ್ಣಿಗಿಳುದ್ ಮ್ಯಾಲೆ ಏಟು ಬೀಳ್ದೆ ಇದ್ದಾತಾ? ಒಸಿ ದಿನ, ವಾಸಿಯಾಯ್ತದೆ. ಮಗೀನ ನಿಮ್ ಕೈಗೆ ಕೊಟ್ಟಿವ್ನಿ, ನಂಗೇನ್ ಚಿಂತೆ?"

ಬೈದಿದ್ದರೆ ಚೆನ್ನಾಗಿತ್ತು. ಕಾಯಿ ಸುಲಿಯಲು ಕೂತೆ, ಆಗಲಿಲ್ಲ. ಪಕ್ಕದ ಮನೆ ದೊಡ್ಡಲಕ್ಷ್ಮಮ್ಮನವರಿಗೆ ಚೀಲ ಸಮೇತ ಕೊಟ್ಟುಬಿಟ್ಟೆ.

ಜನವರಿ 9, ಗುರುವಾರ

ಭಾನು ಬಂದಳು. ಡಾಕ್ಟರು ಒಪ್ಪಿದ್ದಾರಂತೆ.

ಬೀಳುವುದೆಲ್ಲ ಸರಿ ಇದೆ. ಆದರೆ ಅಸ್ರಾ ಅವಳ ತೋಳಿಗೆ ಬರೀ ಕೈ ಹಾಕಿದಳು ಅಷ್ಟೇ — ಪಟಪಟ ತಟ್ಟಿದಳು. ಮತ್ತೊಮ್ಮೆ. ಮತ್ತೆ ಹಾಗೇ. "ನಾನಿನ್ನೂ ಹಿಡ್ದೇ ಇಲ್ಲ ಕಣೇ!" ಅಂತ ಅಸ್ರಾ ನಕ್ಕಳು. ಭಾನು ನಗಲಿಲ್ಲ. ಹಣೆಯೆಲ್ಲ ಬೆವರು.

ಮೊಣಕೈ ವಾಸಿಯಾಗಿದೆ. ನಾನು ಮುರಿದದ್ದು ಅದನ್ನಲ್ಲ. ತಟ್ಟಿದರೆ ಬಿಡುತ್ತಾರೆ ಅನ್ನುವ ನಂಬಿಕೆ ಹೋದವಳು ಜೂಡೋ ಆಡುವುದು ಹೇಗೆ?

ಜನವರಿ 12, ಭಾನುವಾರ. ಮಧ್ಯಾಹ್ನ

ಈಗಲೇ ಬರೆಯಬೇಕು.

ಬೆಳಗ್ಗೆ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಮಗಳನ್ನು ಬಿಡಲು ಬಂದ ಬೋರಲಿಂಗಯ್ಯನವರನ್ನೂ ಕೂರಲು ಹೇಳಿದೆ. ಮ್ಯಾಟಿನ ಮಧ್ಯೆ ಮಲಗಿ ಭಾನುಗೆ ತೋಳು ಕೊಟ್ಟೆ. "ಜುಜಿ ಗತಾಮೆ ಹಾಕು."

ಹಿಂದೆ ಮುಂದೆ ನೋಡಿದಳು. ಹಾಕಿದಳು. ಮೊಣಕೈ ನೆಟ್ಟಗಾಗಿ ನೋವು ಶುರುವಾಯಿತು. ಎರಡೇ ಬೆರಳಲ್ಲಿ, ಹೂವು ಮುಟ್ಟಿದಷ್ಟು ಮೆಲ್ಲಗೆ, ಅವಳ ಕಾಲಿಗೆ ತಟ್ಟಿದೆ. ಎರಡು ಸಲ.

ತಕ್ಷಣ ಬಿಟ್ಟಳು.

"ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು ಮೇಡಂ."

ಎದ್ದು ಕೂತೆ. ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. "ಅವತ್ತು ನಂಗೂ ಗೊತ್ತಾಗಿತ್ತು, ಭಾನು. ನೀನು ಸರಿಯಾಗೇ ತಟ್ಟಿದ್ದೆ. ನಾನೇ ಬಿಡಲಿಲ್ಲ" ಅಂದೆ.

ಅಸ್ರಾ ತಲೆ ತಗ್ಗಿಸಿದಳು. ಬೋರಲಿಂಗಯ್ಯನವರ ಕಡೆ ನೋಡಲು ಧೈರ್ಯವಾಗಲಿಲ್ಲ.

ಭಾನು ತನ್ನ ಮೊಣಕೈ ಹಿಡಿದುಕೊಂಡು ಕೂತಿದ್ದಳು. ಹಾಗೇ ಅಂದಳು, "ಗೊತ್ತಿತ್ತು ಮೇಡಂ. ಅವತ್ತೇ ಗೊತ್ತಿತ್ತು."

ಜಗಲಿ ಮೇಲೆ ಕೂತು ಅವಳು ಕೇಳಿದ್ದಳಲ್ಲ, ನನ್ನ ಮುಖವನ್ನೇ ನೋಡುತ್ತಾ. ಗೊತ್ತಿದ್ದೇ ಕೇಳಿದ್ದು, ನಾನೇ ಹೇಳಲಿ ಅಂತ. ನಾನು ಹೂಂ ಅಂದು, ಕಾಫಿ ಕುಡಿದು —